ಬೂದಿಗುಡ್ಡದಲ್ಲಿ ಬೇಸಾಯದ ಮೂಲ ಕಂಡ ಬ್ರೂಸ್ ಫೂಟ್



ನಮ್ಮ ತ್ಯಾವಣಿಗೆ ಸುತ್ತಿನ ಬೆಳೆಗಳನ್ನು ಒಮ್ಮೆ ಬೆರಳು ಮಡಿಸಿ ಎಣಿಸಿ ನೋಡಿ. ನಾಲೆಯ ಕೆಳಗೆ ಭತ್ತ ಮತ್ತು ಅಡಿಕೆ, ಮಳೆಯಾಶ್ರಯದ ಹೊಲದಲ್ಲಿ ಮೆಕ್ಕೆಜೋಳ, ಜಗಳೂರಿನ ಕಡೆ ಶೇಂಗಾ ಮತ್ತು ರಾಗಿ, ಹಿತ್ತಲಲ್ಲಿ ನಾಲ್ಕು ಮೆಣಸಿನ ಗಿಡ. ಇವುಗಳಲ್ಲಿ ಮೆಕ್ಕೆಜೋಳ, ಶೇಂಗಾ, ಮೆಣಸಿನಕಾಯಿ ಮೂರೂ ಅಮೆರಿಕ ಖಂಡದವು. ರಾಗಿ, ಜೋಳ, ಸಜ್ಜೆಗಳ ತವರು ಆಫ್ರಿಕ. ಅಡಿಕೆ ಆಗ್ನೇಯ ಏಷ್ಯದಿಂದ ಬಂತು. ಹಾಗಾದರೆ ಇವು ಯಾವುವೂ ಬರುವ ಮೊದಲು ಈ ನೆಲದಲ್ಲಿ ಜನ ಏನು ಬೆಳೆದರು? ಬೇಟೆ ಬಿಟ್ಟು, ದನ ಕಟ್ಟಿ, ಬೀಜ ಊರಿ, ಒಂದೆಡೆ ನೆಲೆನಿಂತ ಮೊದಲ ಒಕ್ಕಲಿಗರು ಯಾರು?

ಈ ಪ್ರಶ್ನೆಗೆ ಉತ್ತರದ ದಾರಿ ತೋರಿಸಿದವರು ಕೃಷಿ ತಜ್ಞರಲ್ಲ. ಕಲ್ಲು, ಮಣ್ಣು, ಅದಿರುಗಳ ಪರೀಕ್ಷೆಗೆಂದು ಬಂದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಭಾರತದ ಪ್ರಾಗಿತಿಹಾಸದ ಜನಕರೆಂದು ವಿದ್ವಾಂಸರು ಅವರನ್ನು ಕರೆಯುತ್ತಾರೆ. ಅವರ ಬಾಳಿನ ಒಂದು ಭಾಗ ನಮ್ಮ ಕರ್ನಾಟಕದ ಬಯಲಿನಲ್ಲಿಯೂ ಗುಡ್ಡಗಳಲ್ಲಿಯೂ ಕಳೆಯಿತು. ರೈತರಾದ ನೀವು ಅವರ ಕಥೆಯನ್ನು ತಿಳಿಯಲೇಬೇಕು. ಏಕೆಂದರೆ ಅವರು ಓದಿದ ಪುಸ್ತಕಗಳಲ್ಲಿ ಮುಖ್ಯವಾದದ್ದೊಂದು ಸಗಣಿಯ ಬೂದಿ.

ಕಲ್ಲು ನೋಡಲು ಬಂದವರು

ಫೂಟ್ ಅವರು ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ. 1858ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಸೇರಿದರು. ಮದ್ರಾಸು ಪ್ರಾಂತದ ಕೆಲಸ ಅವರ ಪಾಲಿಗೆ ಬಂತು. ಮಳೆಗಾಲ ಕಳೆದ ಮೇಲೆ ಡೇರೆ, ಎತ್ತಿನ ಗಾಡಿ, ಆಳುಕಾಳುಗಳೊಂದಿಗೆ ಹೊರಡುವುದು, ಊರಿಂದೂರಿಗೆ ನಡೆದು ಬಂಡೆಗಳ ಜಾತಿ ಗುರುತಿಸುವುದು, ನಕ್ಷೆ ಬರೆಯುವುದು, ಇದು ಅವರ ನಿತ್ಯದ ಕಸುಬು. ಮದ್ರಾಸಿನಲ್ಲಿದ್ದ ತಮಿಳು ವಿದ್ವಾಂಸ ಪಾದ್ರಿ ಪೀಟರ್ ಪರ್ಸಿವಲ್ ಅವರ ಮಗಳನ್ನು ಮದುವೆಯಾಗಿ ಈ ದೇಶದಲ್ಲೇ ಸಂಸಾರ ಹೂಡಿದರು.

ಆ ಕಾಲಕ್ಕೆ ಯೂರೋಪಿನಲ್ಲಿ ಒಂದು ದೊಡ್ಡ ವಾದ ಇತ್ಯರ್ಥವಾಗಿತ್ತು. ಫ್ರಾನ್ಸಿನ ನದಿದಂಡೆಯ ಗರಸಿನಲ್ಲಿ ದೊರೆತ ಕಲ್ಲಿನ ಕೊಡಲಿಗಳು ಮನುಷ್ಯನ ಕೈಕೆಲಸವೇ ಎಂದು 1859ರಲ್ಲಿ ವಿಜ್ಞಾನಿಗಳು ಒಪ್ಪಿದ್ದರು. ಅಂಥ ಕಲ್ಲು ನಮ್ಮ ದೇಶದಲ್ಲಿ ಇದೆಯೇ ಎಂದು ಯಾರೂ ಹುಡುಕಿರಲಿಲ್ಲ. 1863ರ ಮೇ 30ರಂದು ಮದ್ರಾಸಿನ ಹತ್ತಿರ ಪಲ್ಲಾವರದಲ್ಲಿ, ಗರಸು ತೆಗೆದ ಗುಂಡಿಯ ಬಳಿ, ಫೂಟ್ ಅವರಿಗೆ ಮನುಷ್ಯ ಕೆತ್ತಿದ ಒಂದು ಕಲ್ಲು ಸಿಕ್ಕಿತು. ಅದೇ ವರ್ಷ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂ ಎಂಬಲ್ಲಿ ಅಂಥವು ರಾಶಿಯಾಗಿ ಸಿಕ್ಕವು. ಅತ್ತಿರಂಪಾಕ್ಕದ ಕಲ್ಲುಗಳು ಸುಮಾರು 15 ಲಕ್ಷ ವರ್ಷ ಹಳೆಯವು ಎಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಆ ದಿನದಿಂದ ಫೂಟ್ ಅವರಿಗೆ ಎರಡು ಕೆಲಸಗಳಾದವು. ಸರ್ಕಾರಕ್ಕೆ ಬಂಡೆಯ ಲೆಕ್ಕ, ತಮ್ಮ ಆಸಕ್ತಿಗೆ ಮನುಷ್ಯನ ಲೆಕ್ಕ.

ಕನ್ನಡ ನಾಡಿನ ತಿರುಗಾಟ

ಬೆಳಗಾವಿ, ಧಾರವಾಡ, ವಿಜಯಪುರ ಪ್ರದೇಶಗಳ ಭೂರಚನೆಯನ್ನು ಕುರಿತ ಅವರ ದೊಡ್ಡ ವರದಿ 1876ರಲ್ಲಿ ಹೊರಬಂತು. ಮಲಪ್ರಭೆಯ ಕಣಿವೆಯಲ್ಲಿ ಹಳೆ ಶಿಲಾಯುಗದ ಆಯುಧಗಳು ಅವರಿಗೆ ದೊರೆತವು. ಗೋಕಾಕದ ಬಳಿ ಖಡ್ಗಮೃಗದ ಕಲ್ಲಾದ ಎಲುಬುಗಳೂ ಸಿಕ್ಕವು. ಇಂದು ಅಸ್ಸಾಮಿನ ಕಾಡಿನಲ್ಲಿ ಕಾಣುವ ಪ್ರಾಣಿಯ ನೆಂಟ ಒಂದು ಕಾಲಕ್ಕೆ ಘಟಪ್ರಭೆಯ ದಂಡೆಯಲ್ಲಿ ಮೇಯುತ್ತಿತ್ತು ಎಂದ ಮೇಲೆ ಆಗಿನ ನಾಡು ಹೇಗಿತ್ತೆಂದು ನೀವೇ ಊಹಿಸಿ. ಆ ಹುಲ್ಲುಗಾವಲು, ಆ ಕುರುಚಲು ಕಾಡಿನ ನಡುವೆ ನಮ್ಮ ಪೂರ್ವಿಕರು ಗೆಡ್ಡೆ ಅಗೆದು, ಹಣ್ಣು ಕಿತ್ತು, ಬೇಟೆಯಾಡಿ ಬಾಳಿದರು. ಒಂದು ಜಾಗದಲ್ಲಿ ತಿನ್ನುವುದು ಮುಗಿದರೆ ಇನ್ನೊಂದು ಜಾಗ. ಮನುಷ್ಯನ ಚರಿತ್ರೆಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಕಾಲ ಕಳೆದದ್ದು ಹೀಗೆಯೇ. ನೇಗಿಲ ಕಾಲ ಉಳಿದ ಒಂದು ಪಾಲಿಗಿಂತಲೂ ಕಡಿಮೆ.

ಚಿನ್ನದ ಅದಿರಿನ ತಪಾಸಣೆ ಅವರನ್ನು ನಮ್ಮ ಸೀಮೆಗೂ ತಂದಿತು. ಮೈಸೂರು ಸೀಮೆಯ ಚಿನ್ನದ ನೆಲಗಳನ್ನು ಕುರಿತು 1882ರಲ್ಲಿ ಅವರು ಬರೆದ ಲೇಖನದಲ್ಲಿ ಹೊನ್ನಾಳಿಯ ಪ್ರದೇಶವೂ ಸೇರಿದೆ. ದಕ್ಷಿಣ ಭಾರತದಲ್ಲಿ ಚಿನ್ನ ಹುದುಗಿರುವ ಬಂಡೆಗಳ ಸಾಲಿಗೆ ಧಾರವಾಡ ಶ್ರೇಣಿ ಎಂದು ಹೆಸರಿಟ್ಟವರು ಅವರೇ. ಆ ಹೆಸರು ಇಂದಿಗೂ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿದೆ. ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರು ಎಷ್ಟು ಸಮೃದ್ಧವೆಂಬುದನ್ನೂ ಅವರು ಬರೆದಿಟ್ಟರು. ಆದರೆ ಇಲ್ಲಿ ನಮಗೆ ಬೇಕಾದದ್ದು ಚಿನ್ನವಲ್ಲ, ಕಬ್ಬಿಣವಲ್ಲ, ಬೂದಿ.

ವಾಲಿಯ ಬೂದಿಯೋ, ಕೊಟ್ಟಿಗೆಯ ಬೂದಿಯೋ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಬಯಲಿನಲ್ಲಿ ಅಲ್ಲಲ್ಲಿ ಬೂದಿಯ ಗುಡ್ಡಗಳಿವೆ. ಕುಡತಿನಿಯ ಹತ್ತಿರ ಒಂದಿದೆ, ಕಪ್ಪಗಲ್ಲಿನಲ್ಲಿ ಇವೆ, ಹಂಪೆಯ ಹತ್ತಿರ ನಿಂಬಾಪುರದಲ್ಲಿ ಇದೆ. ಕೆಲವು ಆಳೆತ್ತರವನ್ನು ಮೀರಿವೆ. ಮೇಲೆ ಬೂದು ಮಣ್ಣು, ಒಳಗೆ ಗಾಜಿನಂತೆ ಕರಗಿ ಗಟ್ಟಿಯಾದ ಕಿಟ್ಟ. ನಿಂಬಾಪುರದ್ದು ವಾನರರಾಜ ವಾಲಿಯನ್ನು ದಹಿಸಿದ ಜಾಗವೆಂದು ಜನ ನಂಬಿದರು. ಬೇರೆಡೆ ಹಿಡಿಂಬಾಸುರನ ಹೆಸರು ಕೇಳಿಬಂತು. ಓದಿದವರಲ್ಲಿಯೂ ಒಮ್ಮತವಿರಲಿಲ್ಲ. 1836ರ ಸುಮಾರಿಗೆ ಇವುಗಳನ್ನು ಅಗೆಸಿ ನೋಡಿದ ಸೇನಾಧಿಕಾರಿ ನ್ಯೂಬೋಲ್ಡ್ ಅವರ ಕಾಲದಿಂದಲೂ ಇದು ಬಿಡಿಸದ ಒಗಟಾಗಿತ್ತು. ಲೋಹ ಕರಗಿಸಿದ ಕುಲುಮೆ ಎಂದವರುಂಟು, ಯುದ್ಧದಲ್ಲಿ ಮಡಿದವರ ಸಾಮೂಹಿಕ ಚಿತೆ ಎಂದವರುಂಟು.

1880ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಸರ್ವೆಗೆ ಬಂದ ಫೂಟ್ ಅವರು ಗುಡ್ಡಗಳನ್ನು ಕೂಲಂಕಷವಾಗಿ ಪರಿಶೀಲಿಸಿದರು. ಬೂದಿಯ ಜೊತೆಯಲ್ಲಿ ದನದ ಎಲುಬು, ಮಡಕೆಯ ಚೂರು, ಉಜ್ಜಿ ನಯ ಮಾಡಿದ ಕಲ್ಲುಕೊಡಲಿ, ಕಾಳು ಅರೆಯುವ ಕಲ್ಲು ಕಂಡವು. ಇದು ಸುಟ್ಟ ಸಗಣಿಯ ಬೂದಿ, ಹೊಸ ಶಿಲಾಯುಗದ ದನಗಾಹಿಗಳು ಬಿಟ್ಟುಹೋದದ್ದು ಎಂದು ಅವರು ತೀರ್ಮಾನಿಸಿ 1887ರಲ್ಲಿ ಪ್ರಕಟಿಸಿದರು.

ಸಗಣಿ ಗಾಜಾಗುವುದು ಹೇಗೆಂದು ನಿಮಗೆ ಅನುಮಾನ ಬರಬಹುದು. ಭತ್ತದ ಹುಲ್ಲು ಕೊಯ್ದರೆ ಕುಡುಗೋಲು ಬೇಗ ಮೊಂಡಾಗುವುದು ನೀವು ಬಲ್ಲ ಸಂಗತಿ. ಹುಲ್ಲಿನಲ್ಲಿ ಮರಳಿನ ಅಂಶವಾದ ಸಿಲಿಕ ಇರುವುದೇ ಅದಕ್ಕೆ ಕಾರಣ. ಹುಲ್ಲು ಮೇಯುವ ದನದ ಸಗಣಿಯಲ್ಲಿ ಆ ಸಿಲಿಕ ಉಳಿಯುತ್ತದೆ. ದೊಡ್ಡ ರಾಶಿಗೆ ಬೆಂಕಿ ಬಿದ್ದು ಬಹಳ ಕಾವೇರಿದರೆ, ಬೂದಿಯಲ್ಲಿರುವ ಪೊಟ್ಯಾಷ್ ಮೊದಲಾದ ಕ್ಷಾರಗಳ ಜೊತೆ ಸಿಲಿಕ ಸೇರಿ ಕರಗುತ್ತದೆ, ಆರಿದಾಗ ಕಿಟ್ಟವಾಗುತ್ತದೆ.

ಫೂಟ್ ಅವರ ಮಾತನ್ನು ಎಲ್ಲರೂ ಒಡನೆ ಒಪ್ಪಲಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, 1957ರಲ್ಲಿ, ಆಲ್ಚಿನ್ ಎಂಬ ವಿದ್ವಾಂಸರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥ ಗುಡ್ಡವೊಂದನ್ನು ಅಗೆದರು. ಬೂದಿಯ ಪದರಗಳ ನಡುವೆ ಬೇಲಿಯ ಕಂಬ ನೆಟ್ಟ ಕುಳಿಗಳೂ, ದನಗಳ ಗೊರಸಿನ ಗುರುತುಗಳೂ ಸಿಕ್ಕವು. ಅಲ್ಲಿಗೆ ವಾದ ಮುಗಿಯಿತೆಂದೇ ಹೇಳಬೇಕು. ದನದ ದೊಡ್ಡಿಯಲ್ಲಿ ಬಿದ್ದ ಸಗಣಿಯನ್ನು ರಾಶಿ ಹಾಕಿ ಆಗಾಗ ಸುಡುತ್ತಿದ್ದರು. ಇಂಥ ನೂರಕ್ಕೂ ಹೆಚ್ಚು ಗುಡ್ಡಗಳು ಇದುವರೆಗೆ ಪತ್ತೆಯಾಗಿವೆ. ಅವುಗಳ ಕಾಲ ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ. ಸುಟ್ಟದ್ದು ಏಕೆಂಬುದರ ಮೇಲೆ ಚರ್ಚೆ ಇನ್ನೂ ನಡೆದಿದೆ. ಉಣ್ಣೆ, ನೊಣಗಳ ಕಾಟ ಕಳೆಯಲೆಂದು ಕೆಲವರು, ಹಬ್ಬದ ಆಚರಣೆಯೆಂದು ಕೆಲವರು ಹೇಳುತ್ತಾರೆ. ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವ ನಮ್ಮ ಪದ್ಧತಿಯನ್ನು ನೆನೆದರೆ ಎರಡನೆಯ ಮಾತು ತೀರ ದೂರದ್ದೆನಿಸದು.

ಬೇಟೆಗಾರ ಒಕ್ಕಲಿಗನಾದ ಬಗೆ

ಹಳೆ ಶಿಲಾಯುಗಕ್ಕೂ ಹೊಸ ಶಿಲಾಯುಗಕ್ಕೂ ನಡುವೆ ಬಹು ದೀರ್ಘವಾದ ಬರಿದಾದ ಕಾಲವಿತ್ತು, ಮೊದಲಿನವರು ಅಳಿದ ಎಷ್ಟೋ ಕಾಲದ ಮೇಲೆ ಹೊಸಬರು ಬಂದರು ಎಂದು ಫೂಟ್ ಅವರು ಭಾವಿಸಿದ್ದರು. ಈ ಒಂದು ಮಾತು ನಿಲ್ಲಲಿಲ್ಲ. ಬಳ್ಳಾರಿಯ ಹತ್ತಿರದ ಸಂಗನಕಲ್ಲಿನಲ್ಲಿ 1940ರ ದಶಕದಲ್ಲಿ ಸುಬ್ಬರಾವ್ ಅವರು ನಡೆಸಿದ ಉತ್ಖನನದಲ್ಲಿ, ಒಕ್ಕಲಿಗರ ಪದರದ ಕೆಳಗೆ ಬೇಟೆಗಾರರ ಉಗುರಿನಷ್ಟು ಚಿಕ್ಕ ಕಲ್ಲಲಗುಗಳು ದೊರೆತವು. ಅಂದರೆ ಬೇಸಾಯ ಕಾಲಿಟ್ಟಾಗ ಈ ನೆಲ ಬರಿದಾಗಿರಲಿಲ್ಲ. ಕಾಡಿನ ಜನ ಇಲ್ಲಿದ್ದರು.

ಅವರು ಬೆಳೆದದ್ದು ಏನು? ಈ ಉತ್ತರ ಫೂಟ್ ಅವರ ಕಾಲಕ್ಕೆ ಸಾಧ್ಯವಿರಲಿಲ್ಲ. ಬಿತ್ತುವ ಭತ್ತವನ್ನು ಉಪ್ಪುನೀರಿನಲ್ಲಿ ಹಾಕಿ ಜೊಳ್ಳು ತೇಲಿಸುವುದನ್ನು ನಾವು ನಿಮಗೆ ಹೇಳಿಕೊಡುತ್ತೇವಲ್ಲ, ಅದನ್ನೇ ಹೋಲುವ ಉಪಾಯವನ್ನು ಈಚಿನ ಸಂಶೋಧಕರು ಬಳಸಿದರು. ಹಳೆಯ ನೆಲೆಗಳ ಮಣ್ಣನ್ನು ನೀರಿನಲ್ಲಿ ಕಲಕಿದರೆ ಸುಟ್ಟು ಕರಿಯಾದ ಕಾಳುಗಳು ತೇಲಿ ಬರುತ್ತವೆ. ಸಂಗನಕಲ್ಲು, ಕಪ್ಪಗಲ್ಲು, ಹಾಗೂ ಹೊನ್ನಾಳಿಯಿಂದಾಚೆ ತುಂಗಭದ್ರೆಯ ದಂಡೆಯಲ್ಲೇ ಇರುವ ಹಳ್ಳೂರು, ಇಲ್ಲಿ ತೇಲಿದ ಕಾಳುಗಳಲ್ಲಿ ಮುಖ್ಯವಾದವು ಯಾವುವು ಗೊತ್ತೇ? ಹುರುಳಿ, ಹೆಸರು, ಕೊರಲೆ ಮತ್ತು ಕೊರಲೆಯಂಥದೇ ಇನ್ನೊಂದು ಕಿರುಧಾನ್ಯ. ಮೂಲ ಒಕ್ಕಲಿಗನ ಊಟ ಹುರುಳಿ ಸಾರು, ಕೊರಲೆ ಅನ್ನ ಎಂದರೆ ತಪ್ಪಾಗದು.

ಕಾಡುಹುರುಳಿ ಬೆಳೆಯಾದದ್ದು ಹೇಗೆಂಬುದನ್ನು ರೈತನಿಗೆ ವಿವರಿಸುವುದು ಸುಲಭ. ಕಾಡುಗಿಡದ ಕಾಯಿ ಒಣಗಿದೊಡನೆ ಸಿಡಿದು ಕಾಳು ಚೆಲ್ಲುತ್ತದೆ. ವಂಶ ಹರಡಲು ಅದಕ್ಕೆ ಅದೇ ದಾರಿ. ಆದರೆ ನೂರಾರು ಗಿಡಗಳಲ್ಲಿ ಒಂದೆರಡರ ಕಾಯಿ ತಡವಾಗಿ ಸಿಡಿಯುತ್ತದೆ. ಕೊಯ್ಯುವವನ ಕೈಗೆ ಹೆಚ್ಚಾಗಿ ಸಿಗುವುದು ಆ ಗಿಡದ ಕಾಳು. ಮರುವರ್ಷ ಅದನ್ನೇ ಬಿತ್ತಿದರೆ ಅಂಥ ಗಿಡಗಳ ಸಂಖ್ಯೆ ಏರುತ್ತದೆ. ಹೀಗೆ ತಲೆಮಾರುಗಟ್ಟಲೆ ನಡೆದ ಮೇಲೆ, ಒಕ್ಕಣೆಯಾಗುವ ತನಕ ಕಾಳನ್ನು ಹಿಡಿದಿಟ್ಟುಕೊಳ್ಳುವ ಬೆಳೆ ಕೈಸೇರುತ್ತದೆ. ಗಿಡ ಮನುಷ್ಯನ ಆಸರೆ ಇಲ್ಲದೆ ಬದುಕದು, ಮನುಷ್ಯ ಗಿಡವಿಲ್ಲದೆ ಬದುಕಲಾರ. ಬೀಜದ ಆಯ್ಕೆ ಎಂದು ನಾವು ಇಂದು ಹೇಳುವ ಪಾಠವನ್ನು ಅವರು ಅರಿಯದೆಯೇ ಮಾಡಿದ್ದರು.

ಇದೇ ಬಗೆಯ ಬದಲಾವಣೆ ಜಗತ್ತಿನ ಹಲವೆಡೆ ಬೇರೆಬೇರೆಯಾಗಿ ನಡೆಯಿತು. ಪಶ್ಚಿಮ ಏಷ್ಯದಲ್ಲಿ ಹತ್ತು ಸಾವಿರ ವರ್ಷಗಳ ಹಿಂದೆಯೇ ಗೋಧಿ, ಬಾರ್ಲಿ, ಚೀನದಲ್ಲಿ ಭತ್ತ, ನವಣೆ, ಮೆಕ್ಸಿಕೋದಲ್ಲಿ ಮೆಕ್ಕೆಜೋಳ. ದಕ್ಷಿಣ ಭಾರತದ ಒಣಸೀಮೆಯೂ ಅಂಥದೊಂದು ತವರು ಎಂಬುದು ನಮಗೆ ಹೆಮ್ಮೆಯ ಸಂಗತಿ.

ಆದರೆ ಬೇಸಾಯವೆಂದರೆ ಸುಖದ ದಾರಿಯೆಂದು ತಿಳಿಯಬೇಡಿ. ಬೇಟೆಗಾರನಿಗಿಂತ ಒಕ್ಕಲಿಗನ ದುಡಿಮೆ ಹೆಚ್ಚಾಯಿತು. ಒಂದೇ ಕಡೆ ಜನ, ದನ ಕೂಡಿದ್ದರಿಂದ ರೋಗಗಳು ಹೆಚ್ಚಿದವು. ಮಳೆ ಕೈಕೊಟ್ಟರೆ ಊರಿಗೆ ಊರೇ ಉಪವಾಸ. ಪ್ರತಿಯಾಗಿ ಸಿಕ್ಕಿದ್ದು ಕೂಡಿಟ್ಟ ಕಾಳು, ನಿಂತ ಮನೆ, ಹೆಚ್ಚು ಮಕ್ಕಳು. ಹೆಚ್ಚಿದ ಬಾಯಿಗಳಿಗೆ ಕಾಡು ಸಾಲದು, ಆದ್ದರಿಂದ ಹಿಂದಿರುಗುವ ದಾರಿ ಮುಚ್ಚಿತು.

ಹೊರಗಿನಿಂದ ಬಂದದ್ದು, ಒಳಗಿದ್ದದ್ದು

ಇನ್ನೊಂದು ಸಂಗತಿ ಗಮನಿಸಿ. ಕುರಿ, ಮೇಕೆಗಳ ಕಾಡು ಮೂಲ ಪಶ್ಚಿಮ ಏಷ್ಯ. ಭುಜದುಬ್ಬಿನ ನಮ್ಮ ನಾಟಿ ದನವನ್ನು ಮೊದಲು ಪಳಗಿಸಿದ್ದು ಭಾರತ ಉಪಖಂಡದ ವಾಯವ್ಯ ಭಾಗದಲ್ಲಿ. ಅಂದರೆ ಬೂದಿಗುಡ್ಡದ ಕಾಲದಲ್ಲಿಯೇ ನಮ್ಮವರ ದೊಡ್ಡಿಗೆ ಹೊರಗಿನ ಸಂಪತ್ತು ಬಂದಿತ್ತು, ಹೊಲದಲ್ಲಿ ಮಾತ್ರ ಈ ಮಣ್ಣಿನ ಕಾಳು ಇತ್ತು. ಅನಂತರ ಉತ್ತರದಿಂದ ಗೋಧಿ, ಬಾರ್ಲಿ ಸ್ವಲ್ಪಸ್ವಲ್ಪವಾಗಿ ಬಂದವು. ಆಫ್ರಿಕದ ಸಜ್ಜೆ, ಜೋಳ, ಅವರೆ ಬಂದವು. ಪೋರ್ಚುಗೀಸರು ಗೋವೆಯಲ್ಲಿ ನೆಲೆಯೂರಿದ್ದು 1510ರಲ್ಲಿ. ಆಮೇಲೆ ಹಡಗಿನ ದಾರಿಯಲ್ಲಿ ಅಮೆರಿಕದ ಮೆಣಸಿನಕಾಯಿಯೂ ಇತರ ಬೆಳೆಗಳೂ ಬಂದವು. ಮೆಣಸಿನಕಾಯಿ ಇಲ್ಲದ ಸಾರನ್ನು ಇಂದು ನಾವು ಊಹಿಸಲಾರೆವು, ಆದರೆ ಅದು ನಮ್ಮ ಅಡಿಗೆಮನೆಗೆ ಬಂದು ಐನೂರು ವರ್ಷವಷ್ಟೇ ಆಗಿದೆ.

ಬೆಳೆಗಳ ಈ ಲೋಕಸಂಚಾರಕ್ಕೆ ಈಗ ಜಾಗತೀಕರಣ ಎಂಬ ಹೆಸರು ಬಂದಿದೆ. ದಾವಣಗೆರೆಯ ಮೆಕ್ಕೆಜೋಳದ ಧಾರಣೆ ದೂರದೇಶದ ಬೆಳೆಯನ್ನು ನೋಡಿ ಏರುತ್ತದೆ, ಇಳಿಯುತ್ತದೆ. ಬಂದ ಬೆಳೆಯನ್ನು ಬೇಡವೆನ್ನುವುದು ನಮ್ಮ ಜಾಯಮಾನವಲ್ಲ, ಐದು ಸಾವಿರ ವರ್ಷಗಳಿಂದ ಸ್ವೀಕರಿಸುತ್ತಲೇ ಬಂದಿದ್ದೇವೆ. ಆದರೆ ಮೊದಲಿನವರು ಹೊಸದನ್ನು ತಂದಾಗ ಹಳೆಯದನ್ನು ಬಿಡಲಿಲ್ಲ. ಗೋಧಿ ಬಂದ ಮೇಲೂ ಹುರುಳಿ ಉಳಿಯಿತು. ಅದನ್ನು ಕಳೆದುಕೊಳ್ಳುವ ಸ್ಥಿತಿ ಬಂದದ್ದು ನಮ್ಮ ತಲೆಮಾರಿನಲ್ಲಿ. ಕೊರಲೆ ತುಮಕೂರು, ಚಿತ್ರದುರ್ಗ ಕಡೆಯ ಕೆಲವೇ ಹೊಲಗಳಿಗೆ ಇಳಿದು, ಈಗ ಸಿರಿಧಾನ್ಯದ ಹೆಸರಿನಲ್ಲಿ ಮತ್ತೆ ತಲೆ ಎತ್ತಿದೆ. ಒಂದು ಹಂಗಾಮು ಮಳೆ ತಪ್ಪಿದಾಗ ಎಕರೆ ಮೆಕ್ಕೆಜೋಳ ಒಣಗಿ ನಿಂತರೂ ಮೂಲೆಯ ಹುರುಳಿ ಮೇವನ್ನಾದರೂ ಕೊಡುತ್ತದೆ ಎಂಬುದು ನಿಮಗೆ ಗೊತ್ತಿದ್ದದ್ದೇ.

ಕೊನೆಯ ವರ್ಷಗಳು

ಫೂಟ್ ಅವರು 33 ವರ್ಷ ದುಡಿದು 1891ರಲ್ಲಿ ನಿವೃತ್ತರಾದರು. ಸುಮ್ಮನೆ ಕೂರಲಿಲ್ಲ. ಬರೋಡ ಸಂಸ್ಥಾನದಲ್ಲಿ ಭೂವಿಜ್ಞಾನಿಯಾದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರಾಗಿ ಬಂದರು. ಆಮೇಲೆ ಸೇಲಂ ಬಳಿಯ ಯೇರ್ಕಾಡು ಬೆಟ್ಟದಲ್ಲಿ ನೆಲೆಸಿದರು. ಆ ಬೆಟ್ಟದ ಹಳ್ಳಿಗರು ಹೊಲದಲ್ಲಿ ಸಿಕ್ಕ ನಯವಾದ ಕಲ್ಲುಕೊಡಲಿಗಳನ್ನು ಎಸೆಯದೆ ಗುಡಿಗಳಲ್ಲಿ ಇಟ್ಟು ಪೂಜಿಸುತ್ತಿದ್ದರು.

ನಲವತ್ತು ವರ್ಷ ಕೂಡಿಸಿದ ತಮ್ಮ ಸಂಗ್ರಹವನ್ನು ಫೂಟ್ ಅವರು 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಬೆಲೆ ಕಟ್ಟಿಯೇ ಕೊಟ್ಟರು, ಆದರೆ ಅದು ಈ ದೇಶದಲ್ಲಿಯೇ ಒಂದೇ ಕಡೆ ಉಳಿಯಿತು. ಯಾವ ಕಲ್ಲು ಯಾವ ಊರಲ್ಲಿ ಸಿಕ್ಕಿತೆಂದು ಒಂದೊಂದಕ್ಕೂ ವಿವರ ಬರೆಯುವುದೇ ಮುಪ್ಪಿನ ಕಾಲದ ಕೆಲಸವಾಯಿತು. 1912ರ ಡಿಸೆಂಬರ್ 29ರಂದು ಕಲ್ಕತ್ತದಲ್ಲಿ ತೀರಿಕೊಂಡರು. ಅವರ ಪಟ್ಟಿಯ ಎರಡು ಸಂಪುಟಗಳು 1914 ಮತ್ತು 1916ರಲ್ಲಿ ಅಚ್ಚಾದವು. ತಮ್ಮ ಪುಸ್ತಕವನ್ನು ಕಣ್ಣಿನಿಂದ ನೋಡುವ ಭಾಗ್ಯ ಅವರಿಗಿರಲಿಲ್ಲ.

ನಿಮ್ಮ ಕೈಯಲ್ಲಿರುವುದು

ಊರ ಹೆಸರು ಬರೆದಿಟ್ಟದ್ದರಿಂದಲೇ ಫೂಟ್ ಅವರ ಕಲ್ಲುಗಳಿಗೆ ಬೆಲೆ. ಎಲ್ಲಿ ಸಿಕ್ಕಿತೆಂದು ತಿಳಿಯದ ಕಲ್ಲು ಬರಿ ಕಲ್ಲು. ಅವರು ಕಂಡ ಎಷ್ಟೋ ನೆಲೆಗಳು ಈಗ ಕಲ್ಲುಗಣಿಗೆ ಸಿಕ್ಕಿ ಪುಡಿಯಾಗಿವೆ. ಬೂದಿಗುಡ್ಡಗಳನ್ನು ಗೊಬ್ಬರವೆಂದು ಗಾಡಿ, ಟ್ರ್ಯಾಕ್ಟರುಗಳಲ್ಲಿ ಹೇರಿ ಹೊಲಕ್ಕೆ ಚೆಲ್ಲಿದ್ದೂ ಉಂಟು. ಕೃಷಿ ಇಲಾಖೆಯವನಾಗಿ ಒಂದು ಮಾತು ಹೇಳುತ್ತೇನೆ. ಸಗಣಿ ಸುಟ್ಟಾಗ ಅದರ ಸಾರಜನಕ ಹೊಗೆಯಾಗಿ ಹೋಗುತ್ತದೆ, ಭೂಮಿಯನ್ನು ಮೆದುಗೊಳಿಸುವ ಸಾವಯವ ಅಂಶವೂ ಉಳಿಯುವುದಿಲ್ಲ. ಉಳಿಯುವುದು ಸುಣ್ಣ, ಒಂದಿಷ್ಟು ರಂಜಕ, ಪೊಟ್ಯಾಷ್. ಬಳ್ಳಾರಿ ಸೀಮೆಯ ಕಪ್ಪುಮಣ್ಣು ಮೊದಲೇ ಸುಣ್ಣ, ಕ್ಷಾರದಿಂದ ಕೂಡಿದ್ದು, ಅದಕ್ಕೆ ಮತ್ತೆ ಬೂದಿ ಸುರಿದರೆ ಲಾಭಕ್ಕಿಂತ ನಷ್ಟವೇ. ಒಂದು ಗಾಡಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹತ್ತು ಗಾಡಿ ಹಳೆ ಬೂದಿಗಿಂತ ಮೇಲು. ಐದು ಸಾವಿರ ವರ್ಷದ ಚರಿತ್ರೆಯನ್ನು ಇಷ್ಟು ಅಗ್ಗಕ್ಕೆ ಕಳೆಯಬೇಡಿ.

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳು ಈ ಕಥೆಯಿಂದ ಹೊರಗಿಲ್ಲ. ಒಂದು ಕಡೆ ಹಳ್ಳೂರು, ಇನ್ನೊಂದು ಕಡೆ 1947ರಲ್ಲಿ ವೀಲರ್ ಅವರು ಉತ್ಖನನ ನಡೆಸಿದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಎರಡೂ ಕಡೆ ಹೊಸ ಶಿಲಾಯುಗದ ಒಕ್ಕಲಿಗರ ಮನೆಗಳಿದ್ದವು. ನಡುವಿನ ನಮ್ಮ ಹೊಲಗಳಲ್ಲಿಯೂ ಅವರು ಓಡಾಡಿರಲೇಬೇಕು. ಅಡಿಕೆ ಗುಂಡಿ ತೆಗೆಯುವಾಗಲೋ, ಕೆರೆ ಹೂಳೆತ್ತುವಾಗಲೋ ಮೂರು ಮೂಲೆಯ ನಯವಾದ ಕರಿಕಲ್ಲು ಸಿಕ್ಕರೆ ಎಸೆಯಬೇಡಿ, ಮಾರಲೂ ಬೇಡಿ. ಸಿಕ್ಕ ಜಾಗ, ಆಳ, ದಿನ ಬರೆದಿಟ್ಟು ತಹಸೀಲ್ದಾರರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ. ಬಳ್ಳಾರಿಗೆ ಹೋದಾಗ ಫೂಟ್ ಅವರ ಹೆಸರಿನಲ್ಲಿರುವ ಸಂಗನಕಲ್ಲು ವಸ್ತುಸಂಗ್ರಹಾಲಯವನ್ನು ಮಕ್ಕಳೊಡನೆ ನೋಡಿ ಬನ್ನಿ. ಬರುವ ಹಿಂಗಾರಿಗೆ ಮೂಲೆಯ ಹತ್ತು ಗುಂಟೆಯಲ್ಲಿ ಹುರುಳಿ ಚೆಲ್ಲಿ, ಅದರ ಬೀಜವನ್ನು ಮನೆಯಲ್ಲಿಯೇ ಕಟ್ಟಿಡಿ. ಈ ನೆಲದಲ್ಲಿ ಅದಕ್ಕಿಂತ ಹಳೆಯ ಹಕ್ಕು ಬೇರೆ ಯಾವ ಬೆಳೆಗೂ ಇಲ್ಲ.